ಹಿಮ್ಮಡಿ ಹಿಂದಿನ ಗಂಟು

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಮೆಟ್ಟಿಲು ಹತ್ತುವಾಗ ಎದೆ ಹಿಂಡಿತು. ಗ್ಯಾಸ್ ಅಂದುಕೊಂಡೆ. ಸೋಡಾ ಕುಡಿದೆ. ಬೆವರು ನಿಲ್ಲಲಿಲ್ಲ.

ಹಾರ್ಟ್ ಅಟ್ಯಾಕ್.

ವಯಸ್ಸು ನಲವತ್ತೊಂದು. ಬೀಡಿ ಇಲ್ಲ, ಮಾಂಸ ಇಲ್ಲ, ದಿನಾ ವಾಕಿಂಗ್. ನನಗೇ ಯಾಕೆ ಎಂದು ಸಿಟ್ಟು ಬಂತು. ಸ್ಟೆಂಟ್ ಹಾಕಿದ ಮರುದಿನ ಡಾಕ್ಟರು ನನ್ನ ಕಾಲು ಮುಟ್ಟಿ ನೋಡುತ್ತಾ, ಹಿಮ್ಮಡಿಯ ಹಿಂದೆ ಇದ್ದ ಗಂಟಿನ ಮೇಲೆ ಬೆರಳಿಟ್ಟರು.

“ಇದು ಯಾವಾಗಿಂದ ಅದ?”

“ಅದು ನಮ್ಮ ಮನೆತನದ ಗುರುತ್ರೀ ಸರ್. ನಮ್ಮಪ್ಪಗೂ ಇತ್ತು, ಅಕ್ಕಗೂ ಅದ,” ಎಂದೆ, ಹೆಮ್ಮೆಯಿಂದಲೇ.

“ಅಪ್ಪ ಹ್ಯಾಂಗ ಅದಾರ?”

“ಹಾರ್ಟ್ ಅಟ್ಯಾಕಿನಾಗೇ ಹೋದ್ರರೀ. ನಲವತ್ತಾರಕ್ಕ.”

ಹೇಳುತ್ತಲೇ ನನ್ನ ಕೈ ಹಿಮ್ಮಡಿಯ ಗಂಟಿಗೆ ಹೋಯಿತು.

ಅದು ಗುರುತಲ್ಲ, ಕೊಲೆಸ್ಟ್ರಾಲ್ ಗಡ್ಡೆಗಟ್ಟಿ ನಿಂತದ್ದು ಎಂದು ಡಾಕ್ಟರು ತಿಳಿಸಿದರು. ಒಂದು ಜೀನಿನಲ್ಲಿ ದೋಷವಿದ್ದರೆ, ಎಣ್ಣೆ ತುಪ್ಪ ಬಿಟ್ಟವರಿಗೂ ಅದು ಏರುತ್ತದಂತೆ. ತಂದೆ ತಾಯಿಯಿಂದ ಮಕ್ಕಳಿಗೆ ಬರಬಹುದು, ಬರದೆಯೂ ಇರಬಹುದು. ಬಂದವರು ಗುಳಿಗೆಯಿಂದ ಹಿಡಿತದಲ್ಲಿಟ್ಟುಕೊಳ್ಳಬಹುದು. “ನಿಮ್ಮ ಅಕ್ಕನ್ನ ಮೊದಲ ಕರಸ್ರಿ,” ಎಂದರು.

ಅಕ್ಕ ಶಿವಲೀಲಾಳನ್ನು ಕಮಲಾಪುರಕ್ಕೆ ಕೊಟ್ಟಿದ್ದೇವೆ. ಅವಳಿಗೆ ಆಗಲೇ ನಲವತ್ತೈದು. ಭಯದಿಂದಲೇ ಫೋನ್ ಮಾಡಿದೆ.

“ಹುಚ್ಚ ಹಿಡದದೇನು ನಿನಗ? ನನ್ನ ಧಾರಿ ಎರದು ಕೊಟ್ಟು ಇಪ್ಪತ್ತೈದು ವರ್ಷ ಆತು. ನಾ ಈಗ ಈ ಮನಿಯಾಕಿ. ನಿಮ್ಮನಿ ರೋಗ ನನಗ್ಯಾಕ ಬರ್ತದ?”

“ಹಂಗಾರ ನಿನ್ನ ಮಾರಿ ಮ್ಯಾಲಿನ ಅಪ್ಪನ ಮೂಗು ತವರಮನ್ಯಾಗ ಬಿಟ್ಟು ಹೋಗಿದ್ದೇನು?”

ಆ ಕಡೆ ಜೋರು ನಗು. ಮರುದಿನವೇ ಕೆಂಪು ಬಾಳೆಹಣ್ಣಿನ ಚೀಲ ಹಿಡಿದು ಬಸ್ಸಿನಿಂದ ಇಳಿದಳು. ರಕ್ತ ಕೊಟ್ಟಳು, ಕೊಲೆಸ್ಟ್ರಾಲಿನ ರಿಪೋರ್ಟ್ ಬಂತು. ನನ್ನದಕ್ಕಿಂತ ಅವಳದೇ ಜಾಸ್ತಿ. ಒಂದು ಗಳಿಗೆ ಅತ್ತಳು, ಆಮೇಲೆ ಮೂಗೊರೆಸಿಕೊಂಡು ಗುಳಿಗೆ ನುಂಗಿದಳು. ಅಂದಿನಿಂದ ದಿನಾ ಫೋನ್ ಮಾಡಿ, ಗುಳಿಗೆ ತಗೊಂಡೆಯಾ ಇಲ್ಲವಾ ಎಂದು ನನ್ನನ್ನೇ ಜಬರಿಸುತ್ತಾಳೆ.

ಹೋದ ತಿಂಗಳು ಚಿಕ್ಕಪ್ಪನ ಮಗ ಬಸುವಿನ ಮದುವೆ. ಮದುಮಗನ ಕಾಲಿಗೆ ಅರಿಶಿಣ ಹಚ್ಚುತ್ತಿದ್ದ ಅಕ್ಕನ ಕೈ ಹಿಮ್ಮಡಿಯ ಹಿಂದೆ ನಿಂತುಬಿಟ್ಟಿತು.

ಅವನಿಗೂ ಗಂಟು.

“ಬಸು, ತಲಿ ಮ್ಯಾಲ ಅಕ್ಕಿಕಾಳು ಬಿದ್ದ ಮ್ಯಾಲ ಮೊದಲ ದವಾಖಾನಿ. ಹನಿಮೂನ್ ಆಮ್ಯಾಲ!”

“ಅರಿಶಿಣ ಹಚ್ಚೂ ಮುಂದ ಅದ್ಯಾಕವ್ವಾ ಆ ಮಾತು?” ಎಂದು ಚಿಕ್ಕಮ್ಮ ಸಿಡುಕಿದರು. ಅಕ್ಕ ಜಗ್ಗಲಿಲ್ಲ.

ಬಸು ಹೊಸ ಹೆಂಡತಿಯ ಜೊತೆಗೇ ಆಸ್ಪತ್ರೆಗೆ ಬಂದ. ಕೊಲೆಸ್ಟ್ರಾಲ್ ಏರಿತ್ತು. ಇಸಿಜಿ, ಎಕೋ ಎರಡೂ ಸಾಫ್. ಸರಿಯಾದ ವೇಳೆಗೆ ಬಂದಿರಿ ಎಂದು ಡಾಕ್ಟರು ಅಂದಾಗ ಅಕ್ಕ ಅಲ್ಲೇ ಕೈಮುಗಿದಳು.

ಹೊರಗೆ ಬಂದ ಮೇಲೆ ಮದುಮಗಳು ಮೆಲ್ಲಗೆ ಕೇಳಿದಳು, “ನಾಳಿಗಿ ನಮಗ ಮಕ್ಕಳಾದ್ರ ಅವಕ್ಕೂ ತೋರಿಸಬೇಕೇನ್ರಿ ಅಕ್ಕಾರ?”

“ಮೊದಲ ಹಡಿಯವ್ವಾ ತಾಯಿ! ಕರ್ಕೊಂಡು ಬರ್ಲಿಕ್ಕ ನಾ ಇರ್ತೀನಿ.”

ಎಲ್ಲರೂ ನಕ್ಕರು. ‘ನಾ ಇರ್ತೀನಿ’ ಎಂದು, ಅಪ್ಪ ಹೋದ ವಯಸ್ಸಿಗೆ ಬಂದು ನಿಂತ ಅಕ್ಕ ಅಷ್ಟು ಸಲೀಸಾಗಿ ಹೇಳಿದ್ದು ಕೇಳಿ ನನಗೆ ಕಣ್ಣು ತುಂಬಿ ಬಂತು.