ಡ್ರಿಲ್ ಮೇಡಂ ಮತ್ತು ನನ್ನ ನಿಧಾನದ ನಾಡಿ

ಬಿಸಿಲಿಗೆ ಮೂಗಿನ ತುದಿ ಸುಲಿದು, ಎಡಗೈಯಲ್ಲಿ ಗಡಿಯಾರ ಕಟ್ಟುವಷ್ಟಗಲ ಮಾತ್ರ ಬೆಳ್ಳಗಿತ್ತು ನಮ್ಮ ಶಾಲೆಯ ಡ್ರಿಲ್ ಮೇಡಂಗೆ. ಸೀರೆಯ ಮೇಲೊಂದು ಗಂಡಸರ ಅಂಗಿ, ಕಾಲಿಗೆ ಕ್ಯಾನ್ವಾಸ್ ಶೂ. ನಮ್ಮೂರು ಅಗಳಿಯಲ್ಲಿ ಬಸ್ಸಿಳಿದರೆಂದರೆ ಜನ ತಿರುಗಿ ನೋಡುತ್ತಿದ್ದರು. ನೋಡಲಿ ಬಿಡಿ, ಅವರಿಗೇನು.

ಓಡುವ ಹುಡುಗಿಯರಿಗೆಲ್ಲ ಅವರದು ಒಂದೇ ಪಾಠ. "ಎದ್ದ ತಕ್ಷಣ, ಹಾಸಿಗೆ ಬಿಡೋಕೆ ಮುಂಚೆ ನಾಡಿ ನೋಡ್ಕಳ್ರಮ್ಮ. ಕಾಫಿ ಕುಡಿದ್ಮೇಲೆ ನೋಡಿದ್ರೆ ಅದು ಕಾಫಿ ನಾಡಿ, ನಿಮ್ದಲ್ಲ." ರೇಷ್ಮೆಹುಳಕ್ಕೆ ಸೊಪ್ಪು ಹಾಕಬೇಕಾದ ನಮ್ಮ ಮನೆಯಲ್ಲಿ ಅಷ್ಟು ಹೊತ್ತು ಬಿದ್ದುಕೊಂಡಿರಲು ಬಿಟ್ಟವರುಂಟೇ! ಬೈಸಿಕೊಂಡೇ ಎಣಿಸುತ್ತಿದ್ದೆ.

ಜಿಲ್ಲಾ ಪಂದ್ಯದ ವಾರವೇ ಊರಿನಲ್ಲಿ ಆರೋಗ್ಯ ಶಿಬಿರ ನಡೆಯಿತು. ಬೆರಳಿಗೆ ಕ್ಲಿಪ್ ಹಾಕಿದ ನರ್ಸಮ್ಮ, "ನಾಡಿ ಐವತ್ತೂ ಇಲ್ವಲ್ಲ, ಇಷ್ಟು ಕಮ್ಮಿನಾ?" ಎಂದಳು. ಪಕ್ಕದಲ್ಲಿದ್ದ ಅಜ್ಜಿಗೆ ಅಷ್ಟೇ ಸಾಕಾಯಿತು. ಹುಳ ಮಂಕಾದರೆ ಕಾಯಿಲೆ ಬಿತ್ತೆಂದೇ ಲೆಕ್ಕ ಅವಳಿಗೆ. ಮನೆಗೆ ಬಂದವಳೇ ದೃಷ್ಟಿ ತೆಗೆದು, ನನ್ನ ಶೂ ಅಟ್ಟಕ್ಕೆಸೆದಳು. ನನಗೆ ಜೀವವೇ ಹೋದಂತಾಯಿತು. ನಮ್ಮಲ್ಲಿ ಹುಡುಗಿ ಒಮ್ಮೆ ಓಟ ಬಿಟ್ಟರೆ ಮತ್ತೆ ಯಾರೂ ಕಳಿಸುವುದಿಲ್ಲ.

ಮರುದಿನ ಮೇಡಂ ಮನೆಗೇ ಬಂದರು. ತಲೆ ಸುತ್ತುತ್ತದಾ, ಎದೆ ನೋಯುತ್ತದಾ, ಓಡುವಾಗ ಎಂದಾದರೂ ಎಚ್ಚರ ತಪ್ಪಿತ್ತಾ ಎಂದು ನನ್ನನ್ನು ಕೇಳಿದರು. ಯಾವುದೂ ಇಲ್ಲವೆಂದೆ. ಆಮೇಲೆ ಹುಳದ ಮನೆಯಲ್ಲಿ ಅಜ್ಜಿಯ ಪಕ್ಕ ಕೂತರು.

"ಹುಳ ಜ್ವರಕ್ಕೆ ಕೂತಾಗ ಅಲ್ಲಾಡಲ್ಲ. ಅದು ಕಾಯಿಲೆನಾ ಅಜ್ಜಿ?"

"ಅಲ್ಲ ಮೇಡಮ್ಮ. ಪೊರೆ ಬಿಟ್ಟು ಬೆಳೆಯಾಕೆ ಕೂತಿರ್ತೈತೆ." ಅಜ್ಜಿ ಸೊಪ್ಪು ಹರಡುವುದನ್ನು ನಿಲ್ಲಿಸಿದಳು. "ಸಾಯೋ ಹುಳಾನೂ ಹಂಗೇ ಕೂತಿರ್ತೈತಲ್ಲ."

ಮೇಡಂ ವಾದ ಮಾಡಲಿಲ್ಲ. "ಹೌದು, ನೀವನ್ನೋದು ಸರಿ. ಡಾಕ್ಟರ್ ನೋಡೋವರ್ಗೂ ನಾನೂ ಓಡ್ಸಲ್ಲ."

ನಾನು ಬಿಕ್ಕಿಬಿಕ್ಕಿ ಅತ್ತೆ. ಹಿಂದೂಪುರದ ಡಾಕ್ಟರು ಸಿಕ್ಕುವಷ್ಟರಲ್ಲಿ ಪಂದ್ಯ ಮುಗಿದಿತ್ತು; ನಾನಿಲ್ಲದ ರಿಲೇ ತಂಡ ಸೋತು ಬಂದಿತ್ತು. ಇ.ಸಿ.ಜಿ. ತೆಗೆದ ಡಾಕ್ಟರು ನಕ್ಕರು. ದಿನವೂ ಓಡುವ ಮಕ್ಕಳ ಹೃದಯ ಬಲಿತು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದಂತೆ. ಅದಕ್ಕೇ ಸುಮ್ಮನಿದ್ದಾಗ ಕಡಿಮೆ ಬಡಿದರೂ ಸಾಕಂತೆ.

ಜೊತೆಗೆ ಬಂದಿದ್ದ ಮೇಡಂ ಅವರನ್ನು ವಾಪಸು ಬರುವ ಬಸ್ಸಿನಲ್ಲಿ ಸಿಟ್ಟಿನಿಂದಲೇ ಕೇಳಿದೆ: "ನಿಮಗಿದು ಮೊದಲೇ ಗೊತ್ತಿತ್ತಲ್ವಾ ಮೇಡಂ?"

"ಗೊತ್ತಿತ್ತು ಕಣೆ. ನಿಮ್ಮಜ್ಜಿಗೆ ಗೊತ್ತಿರ್ಲಿಲ್ವಲ್ಲ."

ಆಗ ಈ ಮಾತು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಜ್ಜಿ ಮಾತ್ರ ಅಂದೇ ಅಟ್ಟದಿಂದ ಶೂ ಇಳಿಸಿಕೊಟ್ಟಳು. ಮುಂದೆ ನಾನು ಎಷ್ಟು ಊರಿಗೆ ಓಡಲು ಹೋದರೂ ಒಮ್ಮೆಯೂ ಬೇಡವೆನ್ನಲಿಲ್ಲ.

ಹೋದ ತಿಂಗಳು ಮಡಕಶಿರಾದಲ್ಲಿ ಮೇಡಂ ತೀರಿಕೊಂಡರು. ಅಜ್ಜಿಗೆ ಮಂಡಿನೋವು, ಆಟೋ ಹತ್ತಲಾರಳು. ಆದರೂ ಬರುತ್ತೇನೆಂದು ಹಟ ಹಿಡಿದಳು. ಮೇಡಂ ಪಾದ ಮುಟ್ಟಿ ಅಳುತ್ತಾ ಅವಳೆಂದಳು: "ಓದಿದೋರೆಲ್ಲ ನನ್ ಭಯ ಕಂಡು ನಗ್ತಿದ್ರು. ಈ ತಾಯಿ ಒಬ್ಳೇ ನಗ್ಲಿಲ್ಲ."