ಇಲ್ಲದ ರಾಜ್ಯದ ವಾಟ್ನಿ

ಕಳೆದ ಭಾನುವಾರ ಅಕ್ಕಲಕೋಟೆಯಲ್ಲಿ ಒಂದು ರಾಜ್ಯ ಪಾಲಾಯಿತು. ಪಂಚರು ಬಂದು ಕೂತಿದ್ದರು. ಚಹಾ ಆಯಿತು, ಏರುದನಿಯ ಮಾತೂ ಆಯಿತು. ಪಾಲಿಗಿಟ್ಟ ಆಸ್ತಿಯಲ್ಲಿ ಹೊಳೆ, ಕೋಟೆ, ಕಾಡು, ಒಂದಿಷ್ಟು ದೈತ್ಯರು, ಎಲ್ಲ ಇತ್ತು. ಆದರೆ ಆ ರಾಜ್ಯವೇ ಈ ಭೂಮಿಯ ಮೇಲೆ ಇರಲಿಲ್ಲ!

ಗಾಬರಿಯಾಗಬೇಡಿ, ಹೇಳುತ್ತೇನೆ.

ನಾನು, ನನ್ನ ತಂಗಿ ಸುನಂದಾ ಮತ್ತು ಎಸ್‌ಟಿ ಬಸ್ಸಿನ ಕಂಡಕ್ಟರ್ ಮಹಾದೇವ, ಮೂವರೂ ಸೇರಿ ಕೆಲವು ವರ್ಷಗಳಿಂದ ಒಂದು ಆಟ ಆಡುತ್ತೇವೆ. ರೋಲ್‌ಪ್ಲೇಯಿಂಗ್ ಗೇಮ್. ಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ. ಒಂದು ದಪ್ಪ ಪುಸ್ತಕದಲ್ಲಿ ನೀಲಹೊಳೆ ಎಂಬ ಮಾಯಾನಾಡಿನ ವಿವರ ಇದೆ. ನಾವು ಅಲ್ಲಿನ ಪಾತ್ರಗಳಾಗುತ್ತೇವೆ. ಮಹಾದೇವ ಕಥೆ ನಡೆಸುತ್ತಾನೆ. ಮುಂದೇನು ಮಾಡುತ್ತೇವೆ ಅಂತ ನಾವು ಹೇಳುತ್ತೇವೆ. ಅದು ಕೈಗೂಡಿತೋ ಕೆಟ್ಟಿತೋ, ದಾಳ ಉರುಳಿಸಿ ನೋಡುತ್ತೇವೆ. (ಈ ವಯಸ್ಸಿನಲ್ಲಿ ಇದೆಲ್ಲಾ ಬೇಕಾ? ಇಸ್ಪೀಟು ಆಡುವವರನ್ನು ಯಾರಾದರೂ ಹೀಗೆ ಕೇಳುತ್ತಾರಾ?)

ನಾನು ಸೋಲಾಪುರದಿಂದ ಬಸ್ ಹಿಡಿದು ಅಕ್ಕಲಕೋಟೆಯ ಸುನಂದಾಳ ಮನೆಗೆ ಹೋಗುತ್ತೇನೆ. ಅವಳು ಅಲ್ಲೇ ಕನ್ನಡ ಶಾಲೆಯ ಬಾಯಿ, ಅಂದರೆ ಟೀಚರು. ವಾರವಿಡೀ ಹಾಜರಿ, ಬಿಸಿಯೂಟ, ಮೀಟಿಂಗ್. ಆಟದಲ್ಲಿ ಮಾತ್ರ ಅವಳು ಅಂಬಿಗಿತ್ತಿ. ದೋಣಿಗೆ ಕಾಲಿಟ್ಟರೆ ರಾಜನನ್ನೂ ಕಾಯಿಸುತ್ತಾಳೆ, ಮೊಸಳೆಯನ್ನೂ ಗದರಿಸುತ್ತಾಳೆ. ನಾನು ಊರೂರು ಅಲೆಯುವ ವ್ಯಾಪಾರಿ.

ಹೀಗಿರುವಾಗ ಬಂತು ಹೊಸ ಆವೃತ್ತಿ. ಆಟ ಮಾಡಿದವರು ನಾಡನ್ನೇ ಬದಲಿಸಿಬಿಟ್ಟಿದ್ದರು. ಒಂದೇ ರಾತ್ರಿಯಲ್ಲಿ ಹೊಳೆ ಬತ್ತಿದೆ! ತಳದಲ್ಲಿ ಮುಳುಗಿದ್ದ ಪಟ್ಟಣಗಳು ಎದ್ದಿವೆ, ಬೆಟ್ಟದ ದೈತ್ಯರು ಕೆಳಗಿಳಿದಿದ್ದಾರೆ. ಅಭಿಮಾನಿಗಳ ವಾಟ್ಸಾಪ್ ಗ್ರೂಪಿಗೆ ಬೆಂಕಿ ಬಿತ್ತು. ಒಬ್ಬ ಡಿಪಿ ಕಪ್ಪು ಮಾಡಿಕೊಂಡ. ಮತ್ತೊಬ್ಬ ಮರಾಠಿಯಲ್ಲಿ ಶ್ರದ್ಧಾಂಜಲಿ ಬರೆದ. ಇನ್ನೊಬ್ಬ ದೈತ್ಯನ ಚಿತ್ರ ಹಾಕಿ ಪಟಾಕಿಯ ಇಮೋಜಿ ಸುರಿದ. ಪುಸ್ತಕ ನೋಡದವರೇ ಜೋರಾಗಿ ಬೈದರು. (ಅದೆಲ್ಲಿ ಇಲ್ಲ ಹೇಳಿ?)

ನಾನು ಪಟಾಕಿ ಪಾರ್ಟಿ. ಬಸ್ಸಿನಲ್ಲಿ ಪುಸ್ತಕ ಓದುತ್ತಾ ನನ್ನ ಸ್ಟಾಪನ್ನೇ ಮರೆತೆ. ಬತ್ತಿದ ಹೊಳೆಯ ತಳದಲ್ಲಿ ಪಟ್ಟಣ! ಯಾರಿಗೆ ಮೈ ಜುಂ ಅನ್ನುವುದಿಲ್ಲ?

ಸುನಂದಾಳಿಗೆ.

"ನಾ ಇನ್ನ ಆಡಂಗಿಲ್ಲ," ಅಂದಳು. "ನನ್ನ ಒಂದ್ ಮಾತ್ ಕೇಳದ ಹೊಳಿ ಬತ್ತಿಸ್ಯಾರ. ಹೊಳಿ ಇಲ್ಲಂದ್ರ ನಾ ಯಾರು ಅದರಾಗ?"

"ಚೇಂಜ್ ಬೇಕವಾ ಸುನಂದಾ," ಅಂದೆ.

"ನಿನಗೇನು, ವ್ಯಾಪಾರಿ. ಗಂಟು ಕಟ್ಟಿ ಹೊಂಟಿ. ನಂದು ದೋಣಿ ಐತಿ."

ಬದಲಾವಣೆ ಬೇಕು ಅಂತ ಭಾಷಣ ಮಾಡುವವರಲ್ಲಿ ಸಾಮಾನ್ಯವಾಗಿ ಯಾರದೂ ದೋಣಿ ಇರುವುದಿಲ್ಲ, ಅಲ್ಲವೇ? ಮಹಾದೇವನ ಮುಖ ಸಣ್ಣದಾಯಿತು. ಇರುವುದೇ ಇಬ್ಬರು ಆಟಗಾರರು. ಒಬ್ಬಳು ಎದ್ದರೆ ಆಟ ಅಲ್ಲಿಗೇ ಮುಗಿಯಿತು. ನನಗೂ ಒಳಗೊಳಗೆ ಹೆದರಿಕೆಯಾಗಿತ್ತು. ಆಟ ನಿಂತರೆ ನಾವು ಅಣ್ಣ ತಂಗಿ ವರ್ಷಕ್ಕೊಮ್ಮೆ ರಾಖಿಗೆ ಸೇರಿ, ಬಿಪಿ ಶುಗರ್ ವಿಚಾರಿಸಿ ಏಳುವ ಸಂಬಂಧಿಕರಾಗಿಬಿಡುತ್ತೇವೆ.

ಅಷ್ಟರಲ್ಲಿ ಎದುರುಮನೆಯ ಮಲ್ಲಪ್ಪ ಕಾಕಾ ಪೇಪರ್ ಕೇಳಲು ಬಂದರು. ದೊಡ್ಡ ಒಕ್ಕಲುತನದವರು, ಪಂಚರು. ಸುತ್ತಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ವಾಟ್ನಿ, ಅಂದರೆ ಆಸ್ತಿ ಪಾಲು, ಅವರಿಲ್ಲದೆ ಆಗುವುದಿಲ್ಲ. "ಯಾತರ ಜಗಳರೀ? ಹೊಲದ್ದೇನು?" ಅಂದರು.

"ಹಂಗಽ ತಿಳ್ಕೋರಿ ಕಾಕಾ," ಅಂದ ಮಹಾದೇವ. "ಒಬ್ರಿಗೆ ಹಳೇ ರಾಜ್ಯ ಬೇಕು, ಒಬ್ರಿಗೆ ಹೊಸಾದು. ನೀವಽ ಪಾಲು ಮಾಡಿ ಕೊಡ್ರಿ."

ತಮಾಷೆಗೆ ಅಂದದ್ದು. ಕಾಕಾ ತಮಾಷೆ ಮಾಡುವವರಲ್ಲ. ಟೋಪಿ ಸರಿ ಮಾಡಿಕೊಂಡು ಕೂತೇಬಿಟ್ಟರು. ಹಳೆಯ ನಾಡಿನದು, ಹೊಸ ನಾಡಿನದು, ಎರಡೂ ನಕಾಶೆ ಹಾಸಿದೆವು.

"ಬಾವಿ ಎಲ್ಲೈತಿ?" ಮೊದಲ ಪ್ರಶ್ನೆಯೇ ಅದು. ಪಾಲಾಗುವಾಗ ಹೊಲ ಹಂಚುತ್ತಾರೆ, ಬಾವಿಯನ್ನು ಹಂಚಲಾಗದು. ಅದು ಸಾಮಾಯಿಕ, ಇಬ್ಬರಿಗೂ ಸೇರಿದ್ದು. ಆಟ ನಡೆಸುವವನು ಮಹಾದೇವ, ಅವನಿಲ್ಲದೆ ಎರಡೂ ಕಡೆ ಏನೂ ಬೆಳೆಯುವುದಿಲ್ಲ ಅಂತ ವಿವರಿಸಿದೆವು. "ಹಂಗಾರ ಇವನಽ ಬಾವಿ. ಇಂವ ಸಾಮಾಯಿಕ," ಅಂತ ತೀರ್ಪಾಯಿತು. ಮಹಾದೇವ ಕೃತಾರ್ಥನಾದ.

ಮುಂದಿನ ನಿಯಮ ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಹಿರಿಯ ನಾನು. ಕಾಕಾ ಸುನಂದಾಳ ಕಡೆ ನೋಡಿ ಸ್ವಲ್ಪ ತಡವರಿಸಿದರು. "ಹೆಣ್ಣಮಗಳು ಪಾಲ ಆರಸೂದು ನಾ ಎಲ್ಲೂ ನೋಡಿಲ್ಲವಾ."

ನಿಜ. ನಮ್ಮಲ್ಲಿ ಅಕ್ಕತಂಗಿಯರು ಕಚೇರಿಗೆ ಬರುವುದು ಹಕ್ಕು ಬಿಟ್ಟೆ ಅಂತ ಸಹಿ ಹಾಕಲು. ಆಮೇಲೆ ಅವರಿಗೊಂದು ಸೀರೆ.

"ಇದು ಆಟದ ರಾಜ್ಯ ಕಾಕಾ," ಅಂದಳು ಸುನಂದಾ. "ಇದರಾಗರ ಆರಸ್ಲಿಕ್ಕೆ ಕೊಡ್ರಿ."

ಕಾಕಾ ಕೆಮ್ಮಿದರು. "ಆತು, ಆರಸು."

ನಾನು ಪಾಲು ಮಾಡಿದೆ: ಹಳೆಯ ನಾಡು ಒಂದು, ಹೊಸದು ಇನ್ನೊಂದು. ನನ್ನ ಕಣ್ಣು ಹೊಸ ನಾಡಿನ ಮೇಲೆ. ಅವಳು ಹೇಗೂ ಹಳೆಯದನ್ನೇ ಹಿಡಿಯುತ್ತಾಳೆ. ಆದರೂ ಭದ್ರವಾಗಿರಲಿ ಅಂತ ಹಳೆಯದನ್ನು ಬಾಯಿ ತುಂಬಾ ಹೊಗಳಿದೆ. ಎಂಥಾ ಹೊಳೆ! ಎಂಥಾ ದಡ! ಅಲ್ಲಿ ಅಂಬಿಗಿತ್ತಿ ಅಂದರೆ ಮಹಾರಾಣಿ! ಹೊಸದರಲ್ಲಿ ಏನಿದೆ, ಬರೀ ಕೆಸರು, ದೈತ್ಯರ ಕಾಟ.

ಸುನಂದಾ ನನ್ನ ಮುಖವನ್ನೇ ನೋಡಿದಳು. ಹೊಸ ನಾಡಿನ ಮೇಲೆ ಕೈಯಿಟ್ಟಳು.

"ಇದು ನಂದು."

"ಏನ್ ಮಾಡಾಕತ್ತಿ? ನಿನ್ನ ಹೊಳಿ ಆ ಕಡೆ ಐತಿ!"

"ಅಪ್ಪಾ ಏನ್ ಹೇಳ್ತಿದ್ದಾ? ಪಾಲ ಮಾಡಾಂವ ಯಾವ ಹೊಲಾ ಭಾಳ ಹೊಗಳ್ತಾನ, ಅದನ್ನ ಹಿಡೀಬಾರ್ದು ಅಂತಿದ್ದಾ." ಮಹಾದೇವನ ಕಡೆ ತಿರುಗಿದಳು. "ಅಷ್ಟ ದೊಡ್ಡ ಹೊಳಿ ಒಂದ ರಾತ್ರ್ಯಾಗ ಎಲ್ಲಿ ಹೋಗ್ತೈತಿ? ನಾ ದೋಣಿ ಇಲ್ಲೇ ಬಿಟ್ಟು, ನಡಕೊಂತ ಮ್ಯಾಲೆ ಹೊಂಟೀನಿ. ದಾಳ ಕೊಡು."

ಅಯ್ಯೋ, ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ! ಅವಳು ಬರಿಗಾಲಲ್ಲಿ ಹೊಳೆಯ ತಳದಲ್ಲಿ ನಡೆದಳು. ಮುಳುಗಿದ್ದ ಪಟ್ಟಣದ ಬಾಗಿಲು ತಟ್ಟಿದಳು. ದೈತ್ಯನೊಬ್ಬ ಅಡ್ಡ ಬಂದಾಗ ಕ್ಲಾಸಿನಲ್ಲಿ ಗದರುವ ದನಿಯಲ್ಲೇ ಗದರಿದಳು. ದಾಳ ಬಿತ್ತು. ಆರು! ದೈತ್ಯ ದಾರಿ ಬಿಟ್ಟ. "ಮ್ಯಾಲೆ ಯಾರೋ ಒಡ್ಡ ಹಾಕ್ಯಾರ, ಬಿಡಬ್ಯಾಡವಾ!" ಅಂತ ಕಾಕಾ ಎದ್ದೇ ನಿಂತರು. ಮಹಾದೇವ ಕೂಗಿದ, ನಾನೂ ಕೂಗಿದೆ. ಆಟ ಉಳಿಯಿತು. ಉಳಿದದ್ದಷ್ಟೇ ಅಲ್ಲ, ಇಷ್ಟು ವರ್ಷಗಳಲ್ಲಿ ಇಂಥ ಆಟ ಆಡಿದ್ದೇ ಇಲ್ಲ.

ನನ್ನ ಪಾಲಿಗೆ ಬಂದದ್ದು ತುಂಬಿದ ಹೊಳೆ. ದಾಟಿಸುವವರು ಯಾರೂ ಇಲ್ಲ. ಕಡೆಗೆ ನಾಚಿಕೆ ಬಿಟ್ಟು ಕೇಳಿದೆ, "ನಾನೂ ಬರ್ಲೇನು?"

"ಬಾ. ಆದ್ರ ಪಾಲಿಗಿ ದುಡ್ಯಾಕ. ಹೊಲ ನಂದು," ಅಂದಳು. ಒಪ್ಪಿಕೊಂಡೆ. ಅವಳ ಹಿಂದೆ ದೀಪ ಹಿಡಿದು ನಡೆದೆ.

ಹೊರಡುವಾಗ ಸುನಂದಾ ಬಾಗಿಲ ತನಕ ಬಂದಳು. ಇನ್ನೂ ಉಸಿರು ಜೋರಾಗಿತ್ತು, ಕಣ್ಣುಗಳು ಹೊಳೆಯುತ್ತಿದ್ದವು. ನಮ್ಮೂರು ಕಂದಲಗಾಂವದಲ್ಲಿ ಅಪ್ಪನ ಹೊಲ ಹಾಗೇ ಇದೆ, ಇನ್ನೂ ಪಾಲಾಗಿಲ್ಲ. ನಾನು ಚಪ್ಪಲಿ ಮೆಟ್ಟುತ್ತಿರುವಾಗ ಅವಳು ನಗುತ್ತಲೇ ಕೇಳಿದಳು:

"ಅಣ್ಣಾ, ಖರೇ ಹೊಲದಾಗೂ ಮೊದಲ ನಾನಽ ಆರಸ್ಬೇಕಲ್ಲಾ?"