ಹಿಂದೆ ಬರುವವಳ ಮುಖ

ನಮ್ಮ ಮನೆಗೆ ಕಂಪ್ಯೂಟರ್ ಬಂದಿದ್ದು ಅಪ್ಪನ ಶೇಂಗಾ ಮಂಡಿಯ ಲೆಕ್ಕಕ್ಕಾಗಿ. ಚಳ್ಳಕೆರೆಯ ವ್ಯಾಪಾರಸ್ಥರು ಒಬ್ಬರನ್ನು ನೋಡಿ ಒಬ್ಬರು ಕಂಪ್ಯೂಟರ್ ತರಿಸುತ್ತಿದ್ದ ಕಾಲ ಅದು. ಅಪ್ಪನಿಗೆ ಅದರ ಗಂಧಗಾಳಿ ಗೊತ್ತಿರಲಿಲ್ಲ, ಹಾಗಾಗಿ ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದ ನನ್ನ ತಲೆಗೆ ಕಟ್ಟಿದ. ಲೆಕ್ಕ ಏರಿಸುವುದು ಬೆಳಿಗ್ಗೆಯೇ ಮುಗಿದುಹೋಗುತ್ತಿತ್ತು. ಉಳಿದ ಹೊತ್ತು ಗಂಡಿನ ಕಡೆಯವರು ಬರುವುದನ್ನು ಕಾಯಬೇಕು. ಕಾಯುವುದು ನನ್ನ ಸ್ವಭಾವಕ್ಕೆ ಒಗ್ಗಿದ್ದಲ್ಲ. ಫೋನಿನ ತಂತಿಯಲ್ಲಿ ಇಂಟರ್ನೆಟ್ ಬಂದಮೇಲೆ ನಾನು ಒಂದು ಆಟಕ್ಕೆ ಅಂಟಿಕೊಂಡೆ.

ಕತ್ತಿ ಹಿಡಿದು ಕಾಡು, ಕೋಟೆ ಸುತ್ತುವ ಆಟ. ಎಲ್ಲೆಲ್ಲಿಯದೋ ದೇಶದ ಜನ ಒಟ್ಟಿಗೇ ಆಡುತ್ತಿದ್ದರು. ಆಡುವ ಪ್ರತಿಯೊಬ್ಬರಿಗೂ ಆಟವೇ ಒಬ್ಬಳು ಜೊತೆಗಾತಿಯನ್ನು ಕೊಡುತ್ತಿತ್ತು. ಅವಳನ್ನು ನಡೆಸುವುದು ಕಂಪ್ಯೂಟರು. ನಾವು ಹೋದಲ್ಲಿಗೆ ಹಿಂದೆಯೇ ಬರುತ್ತಾಳೆ, ಏಟು ಬಿದ್ದರೆ ಮದ್ದು ಹಾಕುತ್ತಾಳೆ, ನಿಂತರೆ ತಾನೂ ನಿಲ್ಲುತ್ತಾಳೆ. ಅವಳ ರೂಪ ಮಾತ್ರ ನಮ್ಮ ಕೈಯಲ್ಲಿ. ಹಣೆ ಅಗಲ ಮಾಡಬಹುದು, ಮೂಗು ತಿದ್ದಬಹುದು, ಕೂದಲು, ಮೈಬಣ್ಣ, ಉಡುಪು ಎಲ್ಲ ಬದಲಿಸಬಹುದು. ಬೇರೆಯವರು ತಮ್ಮ ಜೊತೆಗಾತಿಯರಿಗೆ ನೀಲಿ ಕೂದಲು, ಬೆಕ್ಕಿನ ಕಿವಿ ಹಚ್ಚಿ ಮೆರೆಯುತ್ತಿದ್ದರು. ನಾನು ನನ್ನವಳಿಗೆ ಅಕ್ಕನ ಮುಖ ಕೊಡಲು ಕೂತೆ.

ಯಾಕೆಂದರೆ ಮನೆಯಲ್ಲಿ ಅಕ್ಕನ ಮುಖವೇ ಇರಲಿಲ್ಲ. ಕಾಲೇಜಿನಲ್ಲಿ ಜೊತೆಗಿದ್ದ ಮೊಳಕಾಲ್ಮುರಿನ ಹುಡುಗನನ್ನು, ನಮ್ಮವರಲ್ಲದ ನೇಕಾರರ ಮನೆಯವನನ್ನು, ಅವಳು ಮದುವೆಯಾಗಿ ಹೋಗಿದ್ದಳು. ಸುದ್ದಿ ಬಂದ ದಿನ ಅಪ್ಪ ಅಂಗಳದಲ್ಲಿ ನಿಂತು ತಲೆಗೆ ನೀರು ಸುರಿದುಕೊಂಡ. ಮಗಳು ಸತ್ತಳು ಅಂದ. ಆಮೇಲೆ ಆಲ್ಬಮ್ ತೆಗೆದು, ಒಂದೊಂದು ಫೋಟೋದಿಂದಲೂ ಅವಳನ್ನು ಕತ್ತರಿಸಿ ತೆಗೆದ. ಎಂಥ ಅಚ್ಚುಕಟ್ಟು ಅಂದರೆ ಪಕ್ಕದಲ್ಲಿದ್ದ ನನ್ನ ಭುಜಕ್ಕೆ ಕತ್ತರಿ ಸ್ವಲ್ಪವೂ ತಾಗಿರಲಿಲ್ಲ. ನನಗೆ ಅದನ್ನು ನೋಡಿದಾಗಲೆಲ್ಲ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದನ್ನು ಮಾತ್ರ ಅಪ್ಪ ಮುಟ್ಟಲಿಲ್ಲ. ಅಕ್ಕ ಹೋಗುವಾಗ ಕೊರಳಿನ ಲಿಂಗವನ್ನು ಬೆಳ್ಳಿ ಕರಡಿಗೆಯ ಸಮೇತ ತೆಗೆದು ದೇವರ ಜಗಲಿಯ ಮೇಲೆ ಇಟ್ಟಿದ್ದಳು. ನಮ್ಮಲ್ಲಿ ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವ ತನಕ ಮೈಮೇಲಿರಬೇಕು. ಸತ್ತರೆ ಅದನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಮಗಳು ಸತ್ತಳು ಅಂದ ಅಪ್ಪ ಅವಳ ಲಿಂಗವನ್ನು ಮಣ್ಣಿಗೆ ಹಾಕಲಿಲ್ಲ. ಅವ್ವ ದಿನಾ ಪೂಜೆಯಲ್ಲಿ ಅದಕ್ಕೂ ವಿಭೂತಿ ಹಚ್ಚುತ್ತಿದ್ದಳು. ಅಪ್ಪ ನೋಡಿಯೂ ನೋಡದ ಹಾಗೆ ಇರುತ್ತಿದ್ದ.

ಮುಖ ಮಾಡುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಜೊತೆಗೆ ಮಲಗಿ ಬೆಳೆದವಳ ಮೂಗು ಹೇಗಿತ್ತು ಅಂತ ನನಗೆ ನೆನಪಾಗಲಿಲ್ಲ, ಅದಕ್ಕೆ ಅಳು ಬಂತು. ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದಳು.

"ಯಾರೇ ಇವಳು?"

"ಆಟದ ಗೊಂಬೆ ಅವ್ವಾ."

ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಗ್ಗಿದಳು. "ಮೂಗು ಅಷ್ಟು ಚೂಪು ಇರ್ಲಿಲ್ಲ" ಅಂದಳು.

ಅಂದಿನಿಂದ ಅಪ್ಪ ಮಂಡಿಗೆ ಹೋದಮೇಲೆ ಅವ್ವ ನನ್ನ ಪಕ್ಕ ಸ್ಟೂಲು ಎಳೆದುಕೊಂಡು ಕೂರತೊಡಗಿದಳು. ಗದ್ದ ಒಂಚೂರು ಒಳಗೆ ಹೋಗಲಿ, ಹುಬ್ಬು ಕೂಡಬಾರದು, ಜಡೆ ಸೊಂಟ ದಾಟಲಿ. ಅಕ್ಕನ ಬಣ್ಣ ಕಪ್ಪು. ಕಡಲೆಹಿಟ್ಟು, ಅರಿಶಿನ ಅಂತ ಅವ್ವ ಅವಳನ್ನು ತಿಕ್ಕಿ ಗೋಳು ಹೊಯ್ದುಕೊಂಡಿದ್ದು ಅಷ್ಟಿಷ್ಟಲ್ಲ. ಬಣ್ಣದ ಪಟ್ಟಿಯ ಮೇಲೆ ಬಾಣದ ಗುರುತು ಇಟ್ಟು, "ಬೆಳ್ಳಗೆ ಮಾಡ್ಲಾ?" ಅಂತ ಚುಚ್ಚಿದೆ. ಅವ್ವ, "ಬ್ಯಾಡ. ಅವಳ ಬಣ್ಣನೇ ಇರ್ಲಿ" ಅಂದಳು.

ಎಲ್ಲ ಮುಗಿಯಿತು ಅಂದುಕೊಂಡಾಗ ಅವ್ವನಿಗೆ ಹೊಸ ಸಂಕಟ ಶುರುವಾಯಿತು. "ಕೊರಳು ಬರಿದೈತಲ್ಲೇ!" ಅದು ಆಟ, ಅದಕ್ಕೆ ಲಿಂಗಧಾರಣೆ ಯಾರು ಮಾಡ್ತಾರೆ ಅಂತ ನಾನು ನಕ್ಕೆ. ಅವ್ವ ನಗಲಿಲ್ಲ. ಆಟದಲ್ಲಿ ದುಂಡನೆಯ ಬೆಳ್ಳಿ ಪದಕವೊಂದಿತ್ತು. ಗುಹೆಯ ರಾಕ್ಷಸನನ್ನು ಕೊಂದವರಿಗೆ ಮಾತ್ರ ಸಿಗುವಂಥದ್ದು. ಅದಕ್ಕಾಗಿ ದಿನಗಟ್ಟಲೆ ಗುದ್ದಾಡಿದೆ. ಪದಕ ಜೊತೆಗಾತಿಯ ಎದೆಯ ಮೇಲೆ ಬಂದು ಕೂತ ದಿನ ಅವ್ವ ಎದ್ದುಹೋಗಿ ಕೈತೊಳೆದು ಬಂದು ಪರದೆಗೆ ಕೈಮುಗಿದಳು.

ಅಪ್ಪನಿಗೆ ಇದೇನೂ ತಿಳಿದಿಲ್ಲ ಅಂತ ನಾವು ನಂಬಿದ್ದೆವು. ಮಂಡಿಯಿಂದ ಬಂದವನು ಒಮ್ಮೊಮ್ಮೆ ನನ್ನ ಕುರ್ಚಿಯ ಹಿಂದೆ ಹಾದುಹೋಗುತ್ತಿದ್ದ. ಒಂದು ಸಲ, "ಆ ಗೊಂಬೆಗೆ ಬೇರೆ ಕೆಲ್ಸ ಇಲ್ವೇನು, ಸದಾ ನಿನ್ನ ಹಿಂದೇನೇ ಸುತ್ತುತೈತೆ" ಅಂದ.

ಅಷ್ಟರಲ್ಲಿ ನನ್ನ ಮದುವೆ ಗೊತ್ತಾಯಿತು. ಧಾರೆ ಸೀರೆ ಮೊಳಕಾಲ್ಮುರಿನದೇ ಆಗಬೇಕು, ನೇಯುವವರ ಮನೆಯಲ್ಲೇ ನೋಡಿ ತರಬೇಕು ಅಂತ ಅವ್ವ ಹಟ ಹಿಡಿದಳು. ಅಪ್ಪ ಅವ್ವನ ಮುಖ ನೋಡಿದ. "ಸೀರೆ ತಗೊಂಡು ಸೀದಾ ಬರ್ರಿ" ಅಂದ, ಅಷ್ಟೇ. ಬಸ್ಸು ಚಳ್ಳಕೆರೆ ದಾಟಿದ ಮೇಲೆ ಅವ್ವ ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ತೋರಿಸಿದಳು. ಒಳಗೆ ಅಕ್ಕನ ಕರಡಿಗೆ. ಮಗಳು ಯಾರ ಮನೆಯಲ್ಲಾದರೂ ಇರಲಿ, ಇದೊಂದು ಕಟ್ಟಿಕೊಂಡರೆ ನಮ್ಮವಳಾಗಿಯೇ ಇರುತ್ತಾಳೆ ಅನ್ನುವುದು ಅವ್ವನ ನಂಬಿಕೆ.

ನೇಕಾರರ ಬೀದಿ ಹುಡುಕುವುದು ಕಷ್ಟವಾಗಲಿಲ್ಲ. ಒಂದು ಮನೆಯ ಬಾಗಿಲ ಪಕ್ಕ ಒಬ್ಬಳು ರಾಟೆ ತಿರುಗಿಸುತ್ತ ರೇಷ್ಮೆ ದಾರ ಸುತ್ತುತ್ತಿದ್ದಳು. ಪಕ್ಕದ ಮನೆಯಾಕೆಯ ಜೊತೆ ತೆಲುಗಿನಲ್ಲಿ ಏನೋ ಮಾತಾಡುತ್ತಿದ್ದಳು. ಅವ್ವ ಅವಳನ್ನೇ, "ಇಲ್ಲಿ ಚಳ್ಳಕೆರೆಯಿಂದ ಬಂದ ಸೊಸೆ ಮನೆ ಯಾವುದಮ್ಮಾ?" ಅಂತ ಕೇಳಿದಳು.

ರಾಟೆ ನಿಂತಿತು. "ಅವ್ವಾ, ನಾನೇ" ಅಂದಳು.

ಕೂದಲು ಕುತ್ತಿಗೆಯವರೆಗೂ ಇರಲಿಲ್ಲ. ಕೆನ್ನೆ ಬತ್ತಿತ್ತು. ಟೈಫಾಯ್ಡ್ ಬಂದು ಬದುಕಿದ್ದೇ ಹೆಚ್ಚಂತೆ. ಒಂದೂವರೆ ತಾಸಿನ ದಾರಿ, ನಮಗೆ ಸುದ್ದಿಯೇ ಇರಲಿಲ್ಲ. ನಾವು ಇಲ್ಲಿ ಗೊಂಬೆಯ ಜಡೆ ಉದ್ದ ಮಾಡುತ್ತಿದ್ದಾಗ ಅಲ್ಲಿ ಅವಳ ಕೂದಲು ಉದುರುತ್ತಿತ್ತು. ಅವ್ವ ಅವಳ ತಲೆ ಸವರುತ್ತ ಬಿಕ್ಕಿದಳು. ನಾನು ಗೋಡೆಗೆ ಒರಗಿ ಕೂತುಬಿಟ್ಟೆ.

ಸಮಾಧಾನವಾದ ಮೇಲೆ ಅವ್ವ ಗಂಟು ಬಿಚ್ಚಿದಳು. ಅಕ್ಕ ಕರಡಿಗೆಯನ್ನು ಕಣ್ಣಿಗೆ ಒತ್ತಿಕೊಂಡಳು, ಆದರೆ ಕೊರಳಿಗೆ ಹಾಕಿಕೊಳ್ಳಲಿಲ್ಲ.

"ಅಪ್ಪ ಕಳಿಸಿದ್ನಾ?"

"ಇಲ್ಲ. ನಾನೇ ತಂದೆ."

"ಹಂಗಾದ್ರೆ ಅಪ್ಪನೇ ತಂದು ಕೊಡ್ಲಿ ಅವ್ವಾ. ಸತ್ತಳು ಅಂದೋನು ಅವನೇ ಅಲ್ವಾ. ಅಲ್ಲಿ ತನಕ ಜಗಲಿ ಮೇಲೇ ಇರ್ಲಿ."

ಅವ್ವ ಎಷ್ಟು ಗೋಗರೆದರೂ ಅವಳು ಜಗ್ಗಲಿಲ್ಲ. ಹಟದಲ್ಲಿ ಅವಳು ಅಪ್ಪನ ಮಗಳೇ. ಸೀರೆಯನ್ನು ಅವಳೇ ಆರಿಸಿಕೊಟ್ಟಳು. ಅದರ ಬಣ್ಣ ಕೂಡ ನಾನು ಸರಿಯಾಗಿ ನೋಡಲಿಲ್ಲ.

ಮನೆಗೆ ಬಂದ ಅವ್ವ ಗಂಟನ್ನು ಜಗಲಿಯ ಮೇಲಿಟ್ಟು, ಸೀರೆ ಕೂಡ ಬದಲಿಸದೆ ಬಂದು ಸ್ಟೂಲಿನ ಮೇಲೆ ಕೂತಳು. "ಜಡೆ ತೆಗಿ" ಅಂದಳು. ತೆಗೆದೆ. "ಕೆನ್ನೆ ಒಳಕ್ಕೆ ಹೋಗ್ಲಿ." ಮಾಡಿದೆ. "ಕೊರಳಿಂದೂ ತೆಗಿ." ಪದಕ ತೆಗೆಯಲು ಕೈ ಬರಲಿಲ್ಲ, ಅವ್ವ ಇನ್ನೊಮ್ಮೆ ಗದರಿದ ಮೇಲೆ ತೆಗೆದೆ. ಕಣ್ಣಿನ ಕೆಳಗಿನ ಕಪ್ಪು ಮಾಡಲು ಆ ಆಟದಲ್ಲಿ ದಾರಿಯೇ ಇರಲಿಲ್ಲ. ಅವ್ವ ನೋಡಿದಳು. "ಹೂಂ, ಇವಳೇ" ಅಂತ ಎದ್ದು ಅಡುಗೆಮನೆಗೆ ಹೋದಳು. ಮತ್ತೆಂದೂ ಆ ಸ್ಟೂಲಿನ ಮೇಲೆ ಕೂರಲಿಲ್ಲ.

ಸಂಜೆ ಅಪ್ಪ ಬಂದ. ಹಾದುಹೋಗುವವನು ಪರದೆಯ ಮೇಲಿನ ಬತ್ತಿದ ಮುಖ ಕಂಡು ನನ್ನ ಕುರ್ಚಿಯ ಹಿಂದೆ ನಿಂತ.

"ಮೈಗೆ ಹುಷಾರಿರ್ಲಿಲ್ವಂತಾ?"

ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. "ಟೈಫಾಯ್ಡ್ ಆಗಿತ್ತಂತೆ ಅಪ್ಪಾ. ಈಗ ಪರವಾಗಿಲ್ಲ."

"ಕರಡಿಗೆ ತಗೊಳ್ಳಿಲ್ವಾ?"

"ನೀನೇ ತಂದು ಕೊಡ್ಬೇಕಂತೆ."

ಅಪ್ಪ ಕಾಲು ತೊಳೆಯಲು ಬಚ್ಚಲಿಗೆ ಹೋದ. ಮರುದಿನ ಹೋಗಬಹುದು, ನನ್ನ ಮದುವೆಗೆ ಮುಂಚೆ ಹೋಗಬಹುದು ಅಂತ ಕಾದೆವು. ಅಪ್ಪ ಮೊಳಕಾಲ್ಮುರಿಗೆ ಹೋಗಲೇ ಇಲ್ಲ. ಆ ಆಟವನ್ನು ನಡೆಸುವವರು ಒಂದು ದಿನ ಅದನ್ನು ಮುಚ್ಚಿದರು, ಹಿಂದೆ ಬರುತ್ತಿದ್ದವಳೂ ಅದರ ಜೊತೆ ಹೋದಳು. ಕೆಲವು ವರ್ಷಗಳ ಮೇಲೆ ಅಪ್ಪನ ಲಿಂಗವನ್ನು ಅಂಗೈಯಲ್ಲಿಟ್ಟು ಅವನನ್ನು ಮಣ್ಣು ಮಾಡಿದೆವು. ಅಕ್ಕ ಬಂದಿದ್ದಳು. ಅವಳದು ಇನ್ನೂ ಜಗಲಿಯ ಮೇಲಿದೆ.